ಅಭಿಮಾನ ಬೇರೆ, ಬೇಡಿಕೆ ಬೇರೆ

ಕಾಮರ್ಸ್ ಓದುವವನಿಗೆ ಕನ್ನಡ ಸಂಘದಲ್ಲಿ ಏನು ಕೆಲಸ ಅಂತ ಗೆಳೆಯರು ಕೇಳುವುದುಂಟು. ಲೆಕ್ಕ ಬರೆಯುವವನು ಕವಿತೆಯ ಮೇಲೆ ಮಾತಾಡಲು ಹೊರಟರೆ ನಗು ಬರುವುದು ಸಹಜವೇ. ಅದಕ್ಕೇ ಈ ಸಲ ನನಗೆ ಗೊತ್ತಿರುವ ಅಂಗಡಿಯಿಂದಲೇ ಸರಕು ತಂದಿದ್ದೇನೆ.

ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೇ ಒಂದು ಮಾತು ಬರುತ್ತದೆ: ಆಸೆ ಬೇರೆ, ಬೇಡಿಕೆ ಬೇರೆ. ನನಗೊಂದು ಮೋಟಾರು ಬೇಕು ಅನ್ನಿಸಿದರೆ ಅದು ಬರೀ ಆಸೆ. ಕೊಳ್ಳುವ ಶಕ್ತಿ ಇರಬೇಕು, ಇದ್ದ ದುಡ್ಡನ್ನು ಅದಕ್ಕೇ ಕೊಡುವ ಮನಸ್ಸೂ ಇರಬೇಕು. ಎರಡೂ ಸೇರಿದಾಗ ಮಾತ್ರ ಆಸೆಯು ಬೇಡಿಕೆ ಆಗುತ್ತದೆ. ಪೇಟೆ ಓಗೊಡುವುದು ಬೇಡಿಕೆಗೆ. ಆಸೆಯನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಭಾಷೆಯ ವಿಷಯದಲ್ಲೂ ಇದು ನಿಜ ಅಂತ ನನ್ನ ಅನಿಸಿಕೆ. "ಕನ್ನಡ ಉಳಿಯಬೇಕು" ಅನ್ನುವುದು ಆಸೆ. ರಾಜ್ಯೋತ್ಸವದ ದಿನ ನಾವೆಲ್ಲ ಆ ಆಸೆ ಪಡುತ್ತೇವೆ. ಆದರೆ ಅದು ಬೇಡಿಕೆ ಆಗುವುದು ಯಾವಾಗ? ಇದನ್ನು ತಿಳಿಯಬೇಕಾದರೆ ಭಾಷೆಗಾಗಿ ಸರಕಾರದ ಮೇಲೆ ಒತ್ತಾಯ ಹಾಕಿದವರ ಚರಿತ್ರೆ ನೋಡಬೇಕು. ಚುನಾವಣೆಗೆ ನಿಲ್ಲದೆ, ಅಧಿಕಾರ ಹಿಡಿಯದೆ, ಹೊರಗಿನಿಂದಲೇ ಒಂದು ನಿರ್ದಿಷ್ಟ ಕೆಲಸ ಮಾಡಿಸಿಕೊಳ್ಳಲು ಹೆಣಗುವ ಗುಂಪನ್ನು ಪಠ್ಯಪುಸ್ತಕಗಳು ಒತ್ತಡ ಗುಂಪು ಅನ್ನುತ್ತವೆ. ಅಂಥ ಗುಂಪುಗಳನ್ನು ಅಳೆಯಲು ಮೂರು ಪ್ರಶ್ನೆ ಸಾಕು: ಕೇಳಿದ್ದು ಏನು? ಯಾರನ್ನು ಕೇಳಿದರು? ಅದಕ್ಕೆ ಕೊಟ್ಟ ಬೆಲೆ ಏನು?

೧. ಧಾರವಾಡದ ಸಂಘ

ನಾವು ಮುಂಬಯಿಯಲ್ಲಿ ಕೂತು ಧಾರವಾಡವನ್ನು ದೂರದ ಊರು ಅಂದುಕೊಳ್ಳುತ್ತೇವೆ. ಆದರೆ 1956ರ ನವೆಂಬರ್ 1ರ ತನಕ ಧಾರವಾಡವನ್ನು ಆಳಿದ್ದು ಈ ಮುಂಬಯಿಯೇ. ಪೇಶ್ವೆಯ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಗಳು ಬ್ರಿಟಿಷರ ಮುಂಬಯಿ ಆಡಳಿತದ ಪಾಲಾದವು. ಕಚೇರಿಗಳಲ್ಲಿ ಮರಾಠಿ ಇತ್ತು, ಶಾಲೆಗಳಲ್ಲೂ ಮರಾಠಿ ಬಂತು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮರಾಠಿ ಅಕ್ಷರ ತಿದ್ದುವ ಸ್ಥಿತಿ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಿದ್ಯಾ ಇಲಾಖೆಯ ಒಳಗಿದ್ದುಕೊಂಡೇ ಇದನ್ನು ತಿದ್ದಲು ದುಡಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ದೊಡ್ಡದು. ಶೇಕ್ಸ್‌ಪಿಯರನ ನಾಟಕವೊಂದನ್ನು 'ನಗದವರನ್ನು ನಗಿಸುವ ಕಥೆ' ಅಂತ ಕನ್ನಡಕ್ಕೆ ತಂದವರೂ ಇವರೇ.

ಒಬ್ಬ ಅಧಿಕಾರಿ ಒಳ್ಳೆಯವರಿದ್ದರೆ ಕೆಲಸ ಆಗುತ್ತದೆ. ಅವರು ಹೋದ ಮೇಲೆ? ಅದಕ್ಕೆ ಸಂಘ ಬೇಕು. 1890ರ ಜುಲೈ 20ರಂದು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಇದರ ಮುಂದಾಳು ರಾ. ಹ. ದೇಶಪಾಂಡೆಯವರು. 'ಸಿರಿಗನ್ನಡಂ ಗೆಲ್ಗೆ' ಎಂಬ ಘೋಷಣೆ ಅವರು ಕೊಟ್ಟದ್ದು. ನಾವು ಅದನ್ನು ಸಭೆಯ ಕೊನೆಯಲ್ಲಿ ಕೂಗಿ ಚಹಾ ಕುಡಿಯಲು ಹೋಗುತ್ತೇವೆ. ಅವರಿಗೆ ಅದು ಕೆಲಸದ ಆರಂಭವಾಗಿತ್ತು. ಪುಸ್ತಕ ಬರೆಯಿಸುವುದು, ಬರೆದವರಿಗೆ ಬಹುಮಾನ ಕೊಡುವುದು, ಅಚ್ಚು ಹಾಕಿಸುವುದು, 1896ರಿಂದ 'ವಾಗ್ಭೂಷಣ' ಎಂಬ ಪತ್ರಿಕೆ ನಡೆಸುವುದು. ಮುಂದೆ ಆಲೂರು ವೆಂಕಟರಾಯರು ಬಂದರು, ಕನ್ನಡ ಗ್ರಂಥಕರ್ತರನ್ನು ಧಾರವಾಡದಲ್ಲಿ ಒಂದೆಡೆ ಸೇರಿಸಿದರು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಈ ಕಡೆಯ ನೆಲವೂ ಹದವಾಗಿತ್ತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕನ್ನಡದಲ್ಲಿ ಕಲಿಸಿ ಅಂತ ಕೇಳಿದರೆ ಪುಸ್ತಕ ಎಲ್ಲಿದೆ ಅಂತ ಎದುರು ಪ್ರಶ್ನೆ ಬರುತ್ತದೆ. ಧಾರವಾಡದವರು ಆ ಪ್ರಶ್ನೆಗೆ ಉತ್ತರವಾಗಿ ಪುಸ್ತಕವನ್ನೇ ಮುಂದಿಟ್ಟರು. ಕಾಮರ್ಸಿನ ಮಾತಿನಲ್ಲಿ ಹೇಳುವುದಾದರೆ ಬೇಡಿಕೆಯ ಜೊತೆಗೇ ಪೂರೈಕೆಯನ್ನೂ ಅವರೇ ಹೊತ್ತುಕೊಂಡರು.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮೊದಲು ಶುರುವಾದದ್ದು ಮುಂಬಯಿಯಲ್ಲೇ. ಮರುವರ್ಷ ಧಾರವಾಡಕ್ಕೆ ಹೋಯಿತು. ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ ಮೂವತ್ತೆರಡು ವರ್ಷ. ಭಾಷೆಯ ಕೆಲಸದಲ್ಲಿ ಅವಸರ ನಡೆಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

೨. ನೂರೈವತ್ತು ಅಂಕ

ಏಕೀಕರಣ ಆಯಿತು, ಕನ್ನಡಿಗರಿಗೇ ಒಂದು ಸರಕಾರ ಬಂತು. ಇನ್ನು ಒತ್ತಾಯ ಯಾಕೆ ಬೇಕು ಅನ್ನಿಸಬಹುದು. ಆದರೆ 1970ರ ದಶಕದ ಕರ್ನಾಟಕದಲ್ಲಿ ಒಬ್ಬ ಹುಡುಗ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು, ಕನ್ನಡವನ್ನು ಒಂದು ವಿಷಯವಾಗಿಯೂ ಓದದೆ ಹೈಸ್ಕೂಲು ದಾಟಬಹುದಿತ್ತು. ಈ ವಿವಾದ ಬೆಳೆದು, 1980ರ ಜುಲೈನಲ್ಲಿ ಸರಕಾರ ವಿ. ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಗೋಕಾಕರು ಇಂಗ್ಲಿಷ್ ಪ್ರೊಫೆಸರರು, ಕನ್ನಡದ ಕವಿ. ಇಂಗ್ಲಿಷ್ ಗೊತ್ತಿಲ್ಲದವರು ಕನ್ನಡ ಕನ್ನಡ ಅಂತಾರೆ ಎಂಬ ಕೊಂಕು ಅವರ ಹತ್ತಿರ ನಡೆಯುವಂತಿರಲಿಲ್ಲ. 1981ರ ಜನವರಿಯಲ್ಲಿ ವರದಿ ಬಂತು. ಅದರ ತಿರುಳು ಇಷ್ಟು: ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ ಆಗಬೇಕು, ಅದಕ್ಕೆ 150 ಅಂಕ.

ವರದಿ ಬಂದದ್ದೇನೋ ಸರಿ, ಸರಕಾರ ಕದಲಲಿಲ್ಲ. ಆಗ ಗುಂಡೂರಾಯರು ಮುಖ್ಯಮಂತ್ರಿ. ಧಾರವಾಡದಲ್ಲಿ ಸಾಹಿತಿಗಳು, ಅಧ್ಯಾಪಕರು, ವಿದ್ಯಾರ್ಥಿಗಳು ಬೀದಿಗಿಳಿದರು. ಪಾಟೀಲ ಪುಟ್ಟಪ್ಪ, ಚಂದ್ರಶೇಖರ ಪಾಟೀಲ, ಬೆಂಗಳೂರಿನಲ್ಲಿ ಚಿದಾನಂದಮೂರ್ತಿ, ಹೀಗೆ ಹೆಸರುಗಳು ಹಲವು. 1982ರ ಏಪ್ರಿಲ್‌ನಲ್ಲಿ ಸರಕಾರ ಒಂದು ಆಜ್ಞೆ ಹೊರಡಿಸಿತು. ಅದು ಚಳವಳಿಗಾರರಿಗೆ ಒಪ್ಪಿಗೆ ಆಗಲಿಲ್ಲ. ಆ ಬೇಸಿಗೆಯಲ್ಲೇ ನಟ ರಾಜ್‌ಕುಮಾರ್ ಚಳವಳಿಗೆ ಇಳಿದರು. ಊರೂರಿಗೆ ಹೋಗಿ ಮಾತಾಡಿದರು. ಸಾಹಿತಿಗಳ ಸಭೆಗೆ ನೂರು ಜನ ಬಂದರೆ ಇವರ ಸಭೆಗೆ ಊರಿಗೆ ಊರೇ ಬಂತು. ಕೊನೆಗೆ 1982ರ ಜುಲೈ 20ರಂದು ಸರಕಾರ ಹೊಸ ಆಜ್ಞೆ ಹೊರಡಿಸಿ, ಕನ್ನಡವನ್ನು 150 ಅಂಕದ ಏಕೈಕ ಪ್ರಥಮ ಭಾಷೆ ಅಂತ ಒಪ್ಪಿತು.

ತಾರೀಖು ನೋಡಿದಿರಾ? ವಿದ್ಯಾವರ್ಧಕ ಸಂಘ ಹುಟ್ಟಿದ್ದು ಜುಲೈ 20, ಈ ಆಜ್ಞೆ ಬಂದದ್ದೂ ಜುಲೈ 20. ನಡುವೆ ತೊಂಬತ್ತೆರಡು ವರ್ಷ. ಇದು ಕಾಕತಾಳೀಯವೇ ಇರಬಹುದು. ನೆನಪಿಟ್ಟುಕೊಳ್ಳಲು ಮಾತ್ರ ಬಹಳ ಅನುಕೂಲ.

ಈಗ ನಮ್ಮ ಮೂರು ಪ್ರಶ್ನೆ ಹಾಕೋಣ. ಕೇಳಿದ್ದು ಏನು? ಕನ್ನಡದ ಗೌರವ, ಕನ್ನಡದ ಹಿರಿಮೆ ಇಂಥ ಹಿಡಿತಕ್ಕೆ ಸಿಗದ ಮಾತಲ್ಲ. ಒಂದು ಪಟ್ಟಿಯಲ್ಲಿ ಒಂದು ಜಾಗ, ಒಂದು ಪರೀಕ್ಷೆಯಲ್ಲಿ 150 ಅಂಕ. ಯಾರನ್ನು? ಸಹಿ ಹಾಕುವ ಅಧಿಕಾರ ಇದ್ದ ಸರಕಾರವನ್ನು. ಬೆಲೆ? ಧರಣಿ, ಮೆರವಣಿಗೆ, ತಿಂಗಳುಗಟ್ಟಲೆ ಓಡಾಟ. ಪ್ರಶ್ನೆ ಇಷ್ಟು ಸ್ಪಷ್ಟವಾಗಿದ್ದುದರಿಂದಲೇ ಸರಕಾರಕ್ಕೆ ಹೌದು ಅಥವಾ ಇಲ್ಲ ಎನ್ನದೆ ದಾರಿ ಉಳಿಯಲಿಲ್ಲ. ಕನ್ನಡಕ್ಕೆ ಗೌರವ ಕೊಡಿ ಅಂದಿದ್ದರೆ ಒಂದು ಸನ್ಮಾನ ಮಾಡಿ, ಶಾಲು ಹೊದಿಸಿ ಕಳಿಸಿಬಿಡುತ್ತಿದ್ದರು.

೩. ವೇಲ್ಸಿನ ಒಂದು ಬಿಲ್ಲು

ಇದು ನಮ್ಮಲ್ಲಿ ಮಾತ್ರ ನಡೆದ ಕಥೆಯಲ್ಲ. ಇಂಗ್ಲಿಷಿನ ತವರಿನ ಪಕ್ಕದಲ್ಲೇ ಇಂಗ್ಲಿಷಿನ ಎದುರು ನಿಂತ ಒಂದು ಸಣ್ಣ ಭಾಷೆ ಇದೆ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ನಾಡಿನ ವೆಲ್ಷ್ ಭಾಷೆ. ಅಲ್ಲಿನ ಕಥೆ ಶುರುವಾಗುವುದು ನನ್ನಂಥವನಿಗೆ ಬಹಳ ಹಿಡಿಸುವ ವಸ್ತುವಿನಿಂದ: ಒಂದು ಬಿಲ್ಲಿನಿಂದ.

ಲಾನೆಲಿ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಟ್ರೆವರ್ ಬೀಸ್ಲಿ ಎಂಬ ಗಣಿ ಕಾರ್ಮಿಕ, ಅವರ ಹೆಂಡತಿ ಐಲೀನ್. 1952ರಲ್ಲಿ ಮನೆತೆರಿಗೆಯ ಬಿಲ್ಲು ಇಂಗ್ಲಿಷಿನಲ್ಲಿ ಬಂತು. ನಮ್ಮ ಭಾಷೆಯಲ್ಲಿ ಬಿಲ್ಲು ಕೊಡಿ, ಆಮೇಲೆ ಹಣ ಕಟ್ಟುತ್ತೇವೆ ಅಂದರು. ಕಚೇರಿ ಒಪ್ಪಲಿಲ್ಲ. ಮತ್ತೆ ಮತ್ತೆ ಕೋರ್ಟಿಗೆ ಎಳೆದರು, ಜಪ್ತಿಯವರು ಬಂದು ಮನೆಯ ಸಾಮಾನು, ಪಿಯಾನೋ ಸಹ ಹೊತ್ತುಕೊಂಡು ಹೋದರು. ಎಂಟು ವರ್ಷದ ಮೇಲೆ, 1960ರಲ್ಲಿ, ಎರಡೂ ಭಾಷೆಯ ಬಿಲ್ಲು ಬಂತು. ಕೇಳಿದ್ದು ಒಂದು ಕಾಗದ, ಕೊಟ್ಟ ಬೆಲೆ ಮನೆಯ ಸಾಮಾನು. ಇದಲ್ಲವೇ ಬೇಡಿಕೆ?

1962ರ ಫೆಬ್ರವರಿಯಲ್ಲಿ ಸಾಂಡರ್ಸ್ ಲೂಯಿಸ್ ಎಂಬ ಹಿರಿಯ ಸಾಹಿತಿ ರೇಡಿಯೋದಲ್ಲಿ ಭಾಷಣ ಮಾಡಿದರು. ಹೀಗೇ ಬಿಟ್ಟರೆ ಇಪ್ಪತ್ತೊಂದನೆಯ ಶತಮಾನದ ಹೊತ್ತಿಗೆ ವೆಲ್ಷ್ ಜೀವಂತ ಭಾಷೆಯಾಗಿ ಉಳಿಯದು ಅಂತ ಎಚ್ಚರಿಸಿ, ಆ ಬೀಸ್ಲಿ ದಂಪತಿಗಳನ್ನೇ ಮಾದರಿಯಾಗಿ ತೋರಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ವೆಲ್ಷ್ ಭಾಷಾ ಸಂಘ ಹುಟ್ಟಿತು. 1963ರ ಫೆಬ್ರವರಿ 2ರಂದು ಆ ಸಂಘದವರು ಅಬರಿಸ್ಟ್ವಿತ್ ಪಟ್ಟಣದ ಸೇತುವೆಯ ಮೇಲೆ ಕೂತು ಸಂಚಾರ ತಡೆದರು. ಕೂತವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ನಮ್ಮ ನಿಮ್ಮ ವಯಸ್ಸಿನವರು. ಕೇಳಿದ್ದು ಏನು? ಕೋರ್ಟಿನ ಸಮನ್ಸ್ ನಮ್ಮ ಭಾಷೆಯಲ್ಲಿ ಕೊಡಿ ಅಂತ. ಆಮೇಲೆ ರಸ್ತೆಯ ಬೋರ್ಡುಗಳಿಗಾಗಿ ಹೋರಾಡಿದರು, ಟೆಲಿವಿಷನ್ನಿಗಾಗಿ ಹೋರಾಡಿದರು, ದಂಡ ಕಟ್ಟಿದರು, ಜೈಲಿಗೂ ಹೋದರು. ಸಂಘದ ಹೊರಗಿನ ಒತ್ತಡವೂ ಸೇರಿತು. ಗ್ವಿನ್‌ಫರ್ ಇವಾನ್ಸ್ ಎಂಬ ರಾಜಕಾರಣಿ ಉಪವಾಸ ಕೂರುತ್ತೇನೆ ಅಂದದ್ದು 1980ರಲ್ಲಿ. ವೆಲ್ಷ್ ಟೆಲಿವಿಷನ್ ಚಾನೆಲ್ ಶುರುವಾದದ್ದು 1982ರ ನವೆಂಬರ್ 1ರಂದು. ನಮ್ಮ ಗೋಕಾಕ್ ಆಜ್ಞೆಯ ವರ್ಷವೇ, ಅದರಲ್ಲೂ ನಮ್ಮ ರಾಜ್ಯೋತ್ಸವದ ದಿನವೇ!

ಹಾಗಂತ ವೆಲ್ಷ್ ಗೆದ್ದೇಬಿಟ್ಟಿತು ಅನ್ನಲಾಗದು. 1961ರ ಜನಗಣತಿಯಲ್ಲಿ ನೂರಕ್ಕೆ 26 ಮಂದಿ ವೆಲ್ಷ್ ಆಡುವವರಿದ್ದರು. 2021ರಲ್ಲಿ ಅದು 17.8, ಅಂದರೆ ಸುಮಾರು ಐದು ಲಕ್ಷದ ನಲವತ್ತು ಸಾವಿರ ಮಂದಿ. ಆದರೂ ಲೂಯಿಸರು ಹೆದರಿದ ಗಡುವು ದಾಟಿದ ಮೇಲೂ ಭಾಷೆ ಉಸಿರಾಡುತ್ತಿದೆ. ಶಾಲೆ, ಕೋರ್ಟು, ಕಚೇರಿಗಳಲ್ಲಿ ಅದಕ್ಕೊಂದು ಕುರ್ಚಿ ಇದೆ.

೪. ಗೆದ್ದ ಮೇಲಿನ ಲೆಕ್ಕ

ನಮ್ಮ ಕಡೆಗೂ ಜಮಾ-ಖರ್ಚು ಎರಡನ್ನೂ ಬರೆಯಬೇಕು. ಗೋಕಾಕ್ ಚಳವಳಿ ಗೆದ್ದಿತು ಅಂತ ಮುಗಿಸಿಬಿಟ್ಟರೆ ಅರ್ಧ ಪುಟದ ಲೆಕ್ಕ ಆಗುತ್ತದೆ.

1989ರ ಜನವರಿಯಲ್ಲಿ ಕರ್ನಾಟಕದ ಹೈಕೋರ್ಟು, ಕನ್ನಡವೊಂದೇ ಪ್ರಥಮ ಭಾಷೆ ಎಂಬ ಕಡ್ಡಾಯವನ್ನು ಭಾಷಾ ಅಲ್ಪಸಂಖ್ಯಾತರ ಹಕ್ಕಿನ ನೆಲೆಯಲ್ಲಿ ತಳ್ಳಿಹಾಕಿತು. ಸರಕಾರ ಬೇರೆ ಆಜ್ಞೆ ಮಾಡಿತು, ಅದನ್ನು ಸುಪ್ರೀಂ ಕೋರ್ಟು 1993ರಲ್ಲಿ ಎತ್ತಿಹಿಡಿಯಿತು. 1994ರಲ್ಲಿ ಪ್ರಾಥಮಿಕ ಶಾಲೆಯ ಮಾಧ್ಯಮದ ಬಗ್ಗೆ ಮತ್ತೊಂದು ಆಜ್ಞೆ ಬಂತು. ಅದು ಕೋರ್ಟುಗಳಲ್ಲಿ ಸುತ್ತಿ, 2014ರ ಮೇ 6ರಂದು ಸುಪ್ರೀಂ ಕೋರ್ಟು ಹೇಳಿದ್ದು ಇದು: ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕು ಅನ್ನುವುದನ್ನು ಸರಕಾರ ಹೇರುವಂತಿಲ್ಲ, ಅದು ಮಗುವಿನ, ಅದರ ಪರವಾಗಿ ತಂದೆತಾಯಿಯ ಆಯ್ಕೆ. 2015ರಲ್ಲಿ ಕರ್ನಾಟಕ ಬೇರೆ ಕಾನೂನು ತಂದು, ಮಾಧ್ಯಮ ಯಾವುದೇ ಇರಲಿ, ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು ಅಂತ ಮಾಡಿತು.

ಇದರಲ್ಲಿ ನನಗೆ ಕಂಡ ಪಾಠ ಒಂದು. ಸರಕಾರದ ಬಾಗಿಲು ತಟ್ಟುವುದು ಅರ್ಧ ಕೆಲಸ. ಉಳಿದರ್ಧದ ಬಾಗಿಲು ನಮ್ಮ ನಮ್ಮ ಮನೆಯದು. ಆಯ್ಕೆ ತಂದೆತಾಯಿಯದು ಅಂತ ಕೋರ್ಟು ಹೇಳಿದ ಮೇಲೆ ಧರಣಿ ಯಾರ ಮುಂದೆ ಕೂರಬೇಕು?

೫. ಸಯನ್‌ನಲ್ಲಿ ನಾವು

ಈಗ ನಮ್ಮ ಊರಿಗೆ ಬರೋಣ. ಕರ್ನಾಟಕದಲ್ಲಿ ಬಹುಸಂಖ್ಯಾತರಾದ ನಾವು ಇಲ್ಲಿ ಅಲ್ಪಸಂಖ್ಯಾತರು. ಮಹಾರಾಷ್ಟ್ರ 2020ರಲ್ಲಿ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ ಅಂತ ಕಾನೂನು ಮಾಡಿತು. ಕೆಲವರು ಮುಖ ಸಿಂಡರಿಸಿದರು. ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ನಾವು ಕೇಳಿದ್ದು ನ್ಯಾಯವಾದರೆ ಇಲ್ಲಿ ಮರಾಠಿಯವರು ಕೇಳುವುದು ಅನ್ಯಾಯ ಹೇಗಾಗುತ್ತೆ? ಮರಾಠಿ ಕಲಿಯೋಣ, ಚೆನ್ನಾಗಿಯೇ ಕಲಿಯೋಣ. ಆದರೆ ಒಂದು ಭಾಷೆಯನ್ನು ಕೂಡಿಸುವುದು ಬೇರೆ, ಇನ್ನೊಂದನ್ನು ಕಳೆಯುವುದು ಬೇರೆ. 2017ರಲ್ಲಿ ಕೇರಳ ಮಲೆಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟಿಸಿದ್ದು ಈ ಕಳೆಯುವ ಭಯದಿಂದ. ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಕರ್ಯ ಮಾಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಶಾಲೆಗಳನ್ನು ನಡೆಸುತ್ತ ಬಂದಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ಈ ಊರಿನಲ್ಲಿ ಎಷ್ಟೋ ಮಂದಿ. ಸಯನ್‌ಗೆ ಒಂದು ಸ್ಟೇಷನ್ ಆಚೆ ಮಾಟುಂಗದಲ್ಲಿ 1926ರ ಮೈಸೂರು ಅಸೋಸಿಯೇಷನ್ ಇದೆ. 1933ರ ಕರ್ನಾಟಕ ಸಂಘವೂ ದೂರವಿಲ್ಲ. ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗ ಇದೆ. ಹಿರಿಯರು ಕಟ್ಟಿಟ್ಟದ್ದು ಕಡಿಮೆಯಿಲ್ಲ. ಅದನ್ನು ಬಳಸುವವರು ಬೇಕಲ್ಲ?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಏಳನೆಯ ತರಗತಿಯವರೆಗೆ ಈ ಊರಿನದೇ ಒಂದು ಕನ್ನಡ ಶಾಲೆಯಲ್ಲಿ ಓದಿದವನು. ಎಂಟನೆಯದರಲ್ಲಿ ಇಂಗ್ಲಿಷಿಗೆ ಬಂದಾಗ ಬಾಯಿ ಕಟ್ಟಿಹೋಗಿತ್ತು. ನನ್ನ ಉಚ್ಚಾರ ಕೇಳಿ ನಕ್ಕವರ ಮುಖ ಇನ್ನೂ ನೆನಪಿದೆ. ಆ ವರ್ಷವೇ ತಂಗಿಯನ್ನು ಶಾಲೆಗೆ ಸೇರಿಸುವ ಮಾತು ಬಂತು. ಅಪ್ಪಯ್ಯ ನನ್ನ ಹಳೆಯ ಶಾಲೆಗೇ ಹಾಕುವ ಅಂದರು. ನಾನೇ ಹಟ ಹಿಡಿದೆ, "ಬೇಡ ಅಪ್ಪಯ್ಯಾ, ಅವಳಿಗಾದರೂ ಮೊದಲಿಂದಲೇ ಇಂಗ್ಲಿಷ್ ಇರಲಿ." ಅಪ್ಪಯ್ಯ ನನ್ನ ಮುಖ ನೋಡಿ, "ಹಂಗಾರೆ ನೀನು ಇಷ್ಟು ವರ್ಷ ಕಲ್ತದ್ದೆಲ್ಲ ದಂಡವಾ ಮಗಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಂಗಿ ಇಂಗ್ಲಿಷ್ ಶಾಲೆಗೆ ಹೋದಳು.

ಅಪ್ಪಯ್ಯ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಮನೆಯ ಖರ್ಚನ್ನೂ ಒಂದು ಉದ್ದ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿಡುತ್ತಾರೆ. ಹಾಲು, ಅಕ್ಕಿ, ಊರಿಗೆ ಕಳಿಸಿದ್ದು, ಕೊನೆಯ ಸಾಲಿನಲ್ಲಿ ಕೈ ಶಿಲ್ಕು. ನಾನು ಅಕೌಂಟ್ಸ್ ಕಲಿತದ್ದು ಕಾಲೇಜಿನಲ್ಲಿ ಅಂತ ಹೇಳಿಕೊಂಡರೂ ಜಮೆ ಯಾವುದು ಖರ್ಚು ಯಾವುದು ಅಂತ ತಿಳಿದದ್ದು ಆ ಪುಸ್ತಕದಿಂದ. ಮೊನ್ನೆ ತಂಗಿ ಅದನ್ನು ತಿರುವಿ ಹಾಕಿ, "ಅಣ್ಣ, ಇದರಲ್ಲಿ ಏನು ಬರೆದಿದ್ದಾರೆ, ಓದಿ ಹೇಳು" ಅಂದಳು. ಕನ್ನಡ ಮಾತಾಡುತ್ತಾಳೆ, ಓದಲಾರಳು. ಯಾವ ಸರಕಾರವೂ ಅವಳಿಂದ ಅಕ್ಷರ ಕಿತ್ತುಕೊಂಡಿಲ್ಲ. ಕಿತ್ತುಕೊಂಡವನು ಅವಳ ಅಣ್ಣ, ಈಗ ಕನ್ನಡ ಸಂಘದ ಸದಸ್ಯ.

ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಲಸ ಬೇಕಾದರೆ ಅದು ಬೇಕು, ಅಪ್ಪಯ್ಯನಿಗೂ ಗೊತ್ತು. ಆದರೆ ಒಂದನ್ನು ಕೂಡಿಸಲು ಇನ್ನೊಂದನ್ನು ಕಳೆಯಬೇಕು ಅಂತ ನಾನು ತಿಳಿದದ್ದೇ ತಪ್ಪು ಲೆಕ್ಕ.

ಈಗ ನಮ್ಮ ಸಂಘಕ್ಕೆ ಆ ಮೂರು ಪ್ರಶ್ನೆ ಹಾಕುತ್ತೇನೆ.

ಒಂದು, ಕಾಲೇಜಿನ ಗ್ರಂಥಾಲಯಕ್ಕೆ ಪ್ರತಿ ವರ್ಷ ಇಷ್ಟು ಕನ್ನಡ ಪುಸ್ತಕ ಬೇಕು ಅಂತ ಹೆಸರಿನ ಪಟ್ಟಿ ಸಮೇತ ಅರ್ಜಿ ಕೊಡೋಣ. ಕೇಳಬೇಕಾದದ್ದು ಪ್ರಾಂಶುಪಾಲರನ್ನು. ಬೆಲೆ? ಬಂದ ಪುಸ್ತಕವನ್ನು ನಾವೇ ಎರವಲು ತಂದು ಓದುವುದು. ಎರವಲು ರಿಜಿಸ್ಟರಿನಲ್ಲಿ ನಮ್ಮ ಹೆಸರು ಬೀಳದಿದ್ದರೆ ಮರುವರ್ಷ ಕೇಳುವ ಬಾಯಿ ಇರುವುದಿಲ್ಲ.

ಎರಡು, ನಮ್ಮ ಸುತ್ತ ಉಳಿದಿರುವ ಕನ್ನಡ ಶಾಲೆಗಳಲ್ಲಿ ಮಕ್ಕಳೆಷ್ಟು, ಅಧ್ಯಾಪಕರೆಷ್ಟು ಅಂತ ನಾವೇ ಹೋಗಿ ಬರೆದುಕೊಂಡು ಬರೋಣ. ಖಾಲಿ ಜಾಗ ಇದ್ದರೆ ತುಂಬಿಸಿ ಅಂತ ಪಾಲಿಕೆಯ ಶಿಕ್ಷಣ ಇಲಾಖೆಗೆ ಬರೆಯೋಣ. ಬೆಲೆ? ಒಂದಷ್ಟು ಮಧ್ಯಾಹ್ನ, ಒಂದಷ್ಟು ಚಪ್ಪಲಿ.

ಮೂರು, ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ತಮ್ಮ ತಂಗಿಯರಿಗೆ ಭಾನುವಾರ ಬೆಳಿಗ್ಗೆ ಎರಡು ಗಂಟೆ ಕನ್ನಡ ಅಕ್ಷರ ಕಲಿಸೋಣ. ಇದಕ್ಕೆ ಯಾರ ಸಹಿಯೂ ಬೇಡ. ಬೆಲೆ? ಭಾನುವಾರದ ನಿದ್ದೆ.

ವೇಲ್ಸಿನವರು ಕೊಟ್ಟ ಬೆಲೆಯ ಮುಂದೆ, ಧಾರವಾಡದವರು ಸವೆಸಿದ ವರ್ಷಗಳ ಮುಂದೆ ಇದು ಚಿಲ್ಲರೆ. ಆದರೆ ಚಿಲ್ಲರೆ ಕೊಡಲೂ ತಯಾರಿಲ್ಲದವನ ಅಭಿಮಾನವನ್ನು ಯಾವ ಲೆಕ್ಕಕ್ಕೆ ಬರೆಯೋದು?

ನನ್ನ ಮಟ್ಟಿಗೆ ಮೂರನೆಯದು ಶುರುವಾಗಿದೆ. ಹೋದ ಎರಡು ಭಾನುವಾರ ತಂಗಿಯನ್ನು ಕೂರಿಸಿಕೊಂಡು ಅಪ್ಪಯ್ಯನ ಪುಸ್ತಕವನ್ನೇ ಪಾಠ ಮಾಡಿದ್ದೇನೆ. ಹಾಲು, ಅಕ್ಕಿ ಓದುತ್ತಾಳೆ. ಶಿಲ್ಕು ಇನ್ನೂ ತೊದಲುತ್ತದೆ, ಆ ಒತ್ತಕ್ಷರ ಅವಳಿಗೆ ಕಷ್ಟ. ಬರುವ ಭಾನುವಾರ ನಿಮ್ಮ ಮನೆಯ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಜಾಗ ಎಲ್ಲಿ ಅಂತ ಸಂಘದ ಸಭೆಯಲ್ಲಿ ಗೊತ್ತುಮಾಡೋಣ.